ಬಾಣಂತಿ ಗುಡಿಸಲಿನ ಶಾಯಿ

ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಸೂಲಗಿತ್ತಿಯಾಗಿದ್ದೆ. ಸೇರಿದಾಗ ಸೂಲಗಿತ್ತಿ, ಬಿಟ್ಟಾಗಲೂ ಸೂಲಗಿತ್ತಿ. ಬಡ್ತಿಯ ವಿಷಯ ಇಲ್ಲಿಗೆ ಮುಗಿಯಿತು.

ಈಗ ಬಿಳಿ ಸೀರೆಗೆ ಪಿನ್ನು ಚುಚ್ಚಿಕೊಂಡು ಕೆಲಸಕ್ಕೆ ಸೇರುವ ಹುಡುಗಿಯರು ನನ್ನ ಜಗಲಿಗೆ ಬಂದು, "ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತಮ್ಮ?" ಎಂದು ಕೇಳುತ್ತಾರೆ. ಬಹಳ ಸೊಗಸಾಗಿತ್ತು. ಹೆರುವವರು ಹೆರುತ್ತಿದ್ದರು, ಸಾಯುವವರು ಸಾಯುತ್ತಿದ್ದರು, ಡಾಕ್ಟರು ಎರಡನ್ನೂ ಒಂದೇ ದುಂಡನೆಯ ಅಕ್ಷರದಲ್ಲಿ ರಿಜಿಸ್ಟರಿಗೆ ಇಳಿಸುತ್ತಿದ್ದರು. ಯಾರಿಗೂ ತೊಂದರೆ ಇರಲಿಲ್ಲ. ಆದರೆ ಒಂದು ಪ್ರಕರಣವನ್ನು ಮಾತ್ರ ನಾನು ಯಾವ ಹುಡುಗಿಗೂ ಜಗಲಿಯಲ್ಲಿ ಕೂತು ಹೇಳಿಲ್ಲ. ಅದರಲ್ಲಿ ನನ್ನ ತಪ್ಪಿದೆ. ತಪ್ಪನ್ನು ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದು ಸುಲಭ. ಬರೆಯುವಾಗ ಎದುರಿಗೆ ಯಾರ ಮುಖವೂ ಇರುವುದಿಲ್ಲ.

ನಾನು ಕೆಲಸ ಕಲಿತದ್ದು ಚಿತ್ರದುರ್ಗದ ದೊಡ್ಡಾಸ್ಪತ್ರೆಯಲ್ಲಿ. ಹತ್ತೊಂಬತ್ತಕ್ಕೆ ಗಂಡ ತೀರಿಕೊಂಡಿದ್ದ. ಅಂಥವಳು ಮನೆಯಲ್ಲಿ ಎದುರಿಗೆ ಬಂದರೆ ಅಪಶಕುನ, ಆಸ್ಪತ್ರೆಯಲ್ಲಿ ಎದುರಿಗೆ ಬಂದರೆ ನರ್ಸಮ್ಮ. ನಾನು ನರ್ಸಮ್ಮ ಆದೆ. ಒಂದು ವರ್ಷ ನಮಗೆ ಮುಖ್ಯವಾಗಿ ಕೈ ತೊಳೆಯುವುದನ್ನು ಕಲಿಸಿದರು. ನಗಬೇಡಿ, ಆ ಒಂದು ವಿದ್ಯೆಯಿಂದ ಬದುಕಿದವರು ಬಹಳ ಜನ.

ಮೊದಲ ಊರು ಹೊಳಲ್ಕೆರೆ. ಮೊದಲ ಹೆರಿಗೆಯಲ್ಲೇ ಮಾನ ಹೋಯಿತು. ಕತ್ತರಿಯನ್ನು ಇಪ್ಪತ್ತು ನಿಮಿಷ ಕುದಿಸಬೇಕೆಂದು ಪುಸ್ತಕದಲ್ಲಿತ್ತು. ನಾನು ಅಡುಗೆಮನೆಯಲ್ಲಿ ಹಸಿ ಸೌದೆ ಊದುತ್ತ, ಕತ್ತರಿ ಕುದಿಸುತ್ತ ಕೂತಿದ್ದಾಗ, ಒಳಗೆ ಊರಿನ ಹಳೇ ಸೂಲಗಿತ್ತಿ ಮಗುವನ್ನು ಹೆರಿಸಿ, ಕುಡುಗೋಲಿನಲ್ಲಿ ಹೊಕ್ಕುಳಬಳ್ಳಿ ಕೊಯ್ದು, ಸ್ನಾನ ಮಾಡಿಸಿ, ಎಲೆಯಡಿಕೆಗೆ ಕೂತಿದ್ದಳು. ನಾನು ಹೊಗೆಯಾಡುವ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತೆ.

"ಬರ್ರಿ ನರ್ಸಮ್ಮ, ಕುಂತ್ಕಳ್ರಿ," ಎಂದಳು ಅಜ್ಜಿ. "ಕತ್ರಿ ಬೆಂದಿದ್ರೆ ಎಲ್ರಿಗೂ ಒಂದೊಂದ್ ತುಂಡು ಹಾಕ್ರಿ."

ಅಂದಿನಿಂದ ಕತ್ತರಿಯನ್ನು ಮನೆಯಲ್ಲೇ ಕುದಿಸಿ, ಚೊಕ್ಕ ಬಟ್ಟೆಯಲ್ಲಿ ಕಟ್ಟಿ ಒಯ್ಯುವ ಪದ್ಧತಿ ಇಟ್ಟುಕೊಂಡೆ. ಈ ಸುಧಾರಣೆಗೆ ಸರ್ಕಾರದಿಂದ ನನಗೆ ಯಾವ ಬಿರುದೂ ಬರಲಿಲ್ಲ.

ಹೊಸದುರ್ಗಕ್ಕೆ ವರ್ಗವಾದ ಕೆಲವು ವರ್ಷಕ್ಕೆ ಎರಡನೆಯ ಯುದ್ಧ ಶುರುವಾಯಿತು. ಎಲ್ಲೋ ಸಮುದ್ರದಾಚೆ ಬಾಂಬು ಬಿದ್ದರೆ ನಮ್ಮಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಅದು ಬಿಟ್ಟರೆ ಯುದ್ಧ ನಮ್ಮ ತಾಲ್ಲೂಕಿಗೆ ಬಂದದ್ದು ಭಾಷಣದ ರೂಪದಲ್ಲಿ. ಅದರಲ್ಲೂ ತಾಯಂದಿರ ಮೇಲಿನ ಭಾಷಣ. ಅದುವರೆಗೆ ಹೆತ್ತವರನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ, ಇದ್ದಕ್ಕಿದ್ದಂತೆ ಎಲ್ಲರ ಕಣ್ಣೂ ಬಸುರಿನ ಮೇಲೆಯೇ ಬಿತ್ತು.

ಅಮಲ್ದಾರರು ತಾಲ್ಲೂಕು ಕಚೇರಿಯ ಮುಂದಿನ ಮೈದಾನದಲ್ಲಿ ಚಪ್ಪರ ಹಾಕಿಸಿ ಶಿಶು ಪ್ರದರ್ಶನ ನಡೆಸಿದರು. ದಪ್ಪನೆಯ ಮಗುವಿಗೆ ಬೆಳ್ಳಿ ಬಟ್ಟಲು. ತೂಗಿದವಳು ನಾನು. ಬಟ್ಟಲು ಹೋದದ್ದು ಅಮಲ್ದಾರರ ಗುಮಾಸ್ತರ ಮಗುವಿಗೆ. ಅದು ಗೆಲ್ಲುತ್ತದೆಂದು ತಕ್ಕಡಿಗೆ ಮೊದಲೇ ಗೊತ್ತಿತ್ತು. ಕೊನೆಗೆ ಅಮಲ್ದಾರರು ಎದ್ದು, ಪ್ರತಿಯೊಬ್ಬ ತಾಯಿಯೂ ಒಬ್ಬ ಮಗನನ್ನು ಸೈನ್ಯಕ್ಕೆ ಕೊಟ್ಟು ಮಹಾಪ್ರಭುಗಳ ಕೀರ್ತಿಯನ್ನು ಬೆಳಗಿಸಬೇಕೆಂದು ಅಪ್ಪಣೆ ಕೊಡಿಸಿದರು.

ಮೂರು ದಿನದ ಮೇಲೆ ಅದೇ ಮೈದಾನದ ಇನ್ನೊಂದು ತುದಿಯಲ್ಲಿ ಚನ್ನಬಸಪ್ಪನವರ ಭಾಷಣ. ಇವರು ಕೊಬ್ಬರಿ ಮತ್ತು ಕಂಬಳಿ ವ್ಯಾಪಾರಿ, ತೆಂಗಿನ ತೋಟಗಳ ಯಜಮಾನರು, ಊರಿನ ಚಳವಳಿಗೂ ಯಜಮಾನರು. ಖಾದಿ ಟೋಪಿಯನ್ನು ತಲೆಗೆ ಇಟ್ಟರೋ, ಟೋಪಿಯ ಕೆಳಗೆ ತಲೆಯನ್ನು ಇಟ್ಟರೋ ಎನ್ನುವಷ್ಟು ನೆಟ್ಟಗೆ ಅದು ಕೂರುತ್ತಿತ್ತು. ಅವರೂ ಹೇಳಿದ್ದು, ಪ್ರತಿಯೊಬ್ಬ ತಾಯಿಯೂ ಒಬ್ಬ ಮಗನನ್ನು ದೇಶಕ್ಕೆ ಕೊಡಬೇಕು ಎಂದೇ. ಅಮಲ್ದಾರರ ಇಬ್ಬರು ಗಂಡುಮಕ್ಕಳೂ ಚನ್ನಬಸಪ್ಪನವರ ಇಬ್ಬರು ಗಂಡುಮಕ್ಕಳೂ ಮೈಸೂರಿನ ಕಾಲೇಜಿನಲ್ಲಿ ಒಂದೇ ಹಾಸ್ಟೆಲಿನಲ್ಲಿದ್ದರು.

ಹಿಂದೆ ನೆಲದ ಮೇಲೆ ಕೂತಿದ್ದ ಒಬ್ಬ ಮುದುಕಿ ಎದ್ದಳು. ಹೆಗಲಲ್ಲಿ ಕರಿ ಕಂಬಳಿ, ಕೈಯಲ್ಲಿ ಕೋಲು.

"ಕೊಡಾಕೇನ್ರಿ, ಕೊಡಾಣ," ಎಂದಳು. "ಮೊದ್ಲು ನಿಮ್ಮನ್ಯಾಗಿಂದ ಎಷ್ಟು ಹೊರಟ್ವು, ಅದ್ನ ಹೇಳ್ರಿ."

ಹೆಂಗಸರು ಸೆರಗಿನೊಳಗೆ ನಕ್ಕರು. ಚನ್ನಬಸಪ್ಪನವರು ವಂದೇ ಮಾತರಂ ಹೇಳಿಸಿ ಸಭೆ ಮುಗಿಸಿದರು. ಆ ಮುದುಕಿ ಕರಿಯಜ್ಜಿ. ಊರಿನಿಂದ ಎರಡು ಮೈಲಿ ಆಚೆ, ಹಳ್ಳದ ಆ ಬದಿಗೆ, ಕುರಿ ಸಾಕುವವರ ಹಟ್ಟಿಯವಳು. ಅವಳ ಸೊಸೆ ಈರಕ್ಕ ಆಗ ಚೊಚ್ಚಲ ಬಸುರಿ.

ಆ ಹಟ್ಟಿಯ ಪದ್ಧತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ಹಟ್ಟಿಯ ಸುತ್ತ ಮುಳ್ಳುಬೇಲಿ, ಒಳಗೆ ದೇವರು. ದೇವರಿರುವ ಕಡೆ ಬಾಣಂತಿ ಇರಕೂಡದು. ಬೇಲಿಯ ಹೊರಗೆ ಬಂಡೆಯ ಪಕ್ಕ ಒಂದು ಸೋಗೆಯ ಗುಡಿಸಲು ಹಾಕಿ, ಹೆರಿಗೆಯಾದವಳನ್ನೂ ಮಗುವನ್ನೂ ಅಲ್ಲಿ ಇಡುತ್ತಿದ್ದರು. ಮೂರು ತಿಂಗಳು ಯಾರೂ ಮುಟ್ಟುವಂತಿಲ್ಲ. ಊಟವನ್ನು ಕಲ್ಲಿನ ಮೇಲಿಟ್ಟು ದೂರ ಸರಿಯಬೇಕು. ಮೂರು ತಿಂಗಳಾದ ಮೇಲೆ ಪೂಜಾರಿ ದೇವರ ತಲೆಯ ಮೇಲೆ ಹೂವಿಟ್ಟು ಕೇಳುತ್ತಾನೆ. ಹೂವು ಬಲಕ್ಕೆ ಬಿದ್ದರೆ ಬಾಣಂತಿ ಮಿಂದು ಒಳಗೆ ಬರಬಹುದು, ಎಡಕ್ಕೆ ಬಿದ್ದರೆ ಇನ್ನಷ್ಟು ದಿನ ಹೊರಗೆ. ನಾನು ಆಸ್ಪತ್ರೆಯವಳು, ಮುಟ್ಟುತ್ತಿದ್ದೆ. ಮುಟ್ಟಿದ್ದಕ್ಕೆ ನನಗೂ ಹಟ್ಟಿಯೊಳಗೆ ಪ್ರವೇಶವಿರಲಿಲ್ಲ. ಗುಡಿಸಲ ತನಕ ಹೋಗುವುದು, ಮಗು ನೋಡುವುದು, ಬರುವುದು.

ಈರಕ್ಕನ ಹೆರಿಗೆ ಉತ್ತರೆ ಮಳೆಯಲ್ಲಾಯಿತು. ಗಂಡು ಮಗು. ನಾನು ಹೋಗುವಷ್ಟರಲ್ಲಿ ಅವಳೇ ಹೆತ್ತು, ಅವಳೇ ಮಗುವನ್ನು ಒರೆಸಿ ಮಡಿಲಲ್ಲಿಟ್ಟುಕೊಂಡಿದ್ದಳು. ಗಂಡ ಕುರಿ ಹೊಡೆದುಕೊಂಡು ಹಿರಿಯೂರು ಸೀಮೆಗೆ ಹೋಗಿದ್ದ. ನಾನು ಕುದಿಸಿದ ಕತ್ತರಿಯಿಂದ ಬಳ್ಳಿ ಕತ್ತರಿಸಿದೆ. ಅಷ್ಟೇ ನನ್ನ ಪಾಲಿನ ವೈದ್ಯ.

ಅದೇ ಸಮಯಕ್ಕೆ ಊರಲ್ಲಿ ಚಳವಳಿ ಜೋರಾಗಿತ್ತು. ಯಾರೋ ಗುಟ್ಟಾಗಿ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಕರಪತ್ರ ಒತ್ತಿ ಹಂಚುತ್ತಿದ್ದರು. ಅದರಲ್ಲಿ ಅಮಲ್ದಾರರ ಶಿಶು ಪ್ರದರ್ಶನದ ಬಗ್ಗೆಯೂ ನಾಲ್ಕು ಸಾಲಿತ್ತು. ಪೊಲೀಸ್ ಜಮಾದಾರ ಮನೆಮನೆಯ ಅಟ್ಟ ಹತ್ತಿ ಕೊಬ್ಬರಿ ಮೂಟೆಗಳನ್ನೆಲ್ಲ ಚುಚ್ಚಿ ನೋಡುತ್ತಿದ್ದ.

ಒಂದು ದಿನ ಚನ್ನಬಸಪ್ಪನವರು ಅಂಗಡಿಯಿಂದಲೇ ನನ್ನನ್ನು ಕೂಗಿದರು.

"ಬರ್ರಿ ನರ್ಸಮ್ಮ. ಹಟ್ಟಿ ಕಡೆ ಹೊಂಟ್ರಾ? ಈ ಮೇಣದ ಹಾಳೆ ನಾಲ್ಕು ನಿಮ್ಮ ಚೀಲ್ದಾಗೆ ಇರ್ಲಿ. ಆ ಬಾಣಂತಿ ಗುಡ್ಲಾಗೆ ಕೊಟ್ಬಿಡ್ರಿ. ಯಂತ್ರ ಅಲ್ಲೇ ಐತೆ."

ಹಟ್ಟಿಯ ಕುರಿಗಳು ಬೇಸಿಗೆಯಲ್ಲಿ ಇವರ ತೋಟದಲ್ಲೇ ತಂಗುತ್ತಿದ್ದವು. ಆ ಸಲಿಗೆಯಲ್ಲಿ ಪೂಜಾರಿಗೆ ಹೇಳಿ, ಹೆರಿಗೆಯ ಮರುದಿನವೇ ಯಂತ್ರವನ್ನು ಶಾಯಿ, ಕಾಗದ, ಒಂದು ಮೇಣದ ಹಾಳೆಯ ಸಮೇತ ಗುಡಿಸಲ ಮುಂದಿನ ಕಲ್ಲಿನ ಮೇಲೆ ಇಡಿಸಿದ್ದರು. ಹಿಡಿ ತಿರುಗಿಸುವುದನ್ನು ಅವರ ಆಳು ದೂರದಿಂದಲೇ ಈರಕ್ಕನಿಗೆ ತೋರಿಸಿಕೊಟ್ಟಿದ್ದ.

"ಇಡೀ ಮೈಸೂರು ಸೀಮೇಲಿ ಪೊಲೀಸ್ರು ಕೈಯಿಡದ ಜಾಗ ಅದೊಂದೇ ಕಣ್ರಿ," ಎಂದು ಮೀಸೆ ಸವರಿಕೊಂಡರು. "ನೀವೂ ಭಾರತಮಾತೆ ಮಗಳು. ಇಲ್ಲ ಅನ್ಬ್ಯಾಡ್ರಿ."

ಇಲ್ಲ ಅನ್ನಲಿಲ್ಲ. ಅದುವರೆಗೆ ನನ್ನನ್ನು ಯಾರೂ ಯಾರ ಮಗಳೆಂದೂ ಅಂದಿರಲಿಲ್ಲ. ಸರ್ಕಾರಿ ಚೀಲದಲ್ಲಿ, ಸರ್ಕಾರಿ ಕತ್ತರಿಯ ಪಕ್ಕದಲ್ಲಿ, ಕರಪತ್ರದ ಬರಹ ಕೊರೆದ, ಸರ್ಕಾರ ಉರುಳಿಸುವ ಹಾಳೆ ಇಟ್ಟುಕೊಂಡು ನಡೆದೆ. ನಿಜ ಹೇಳುತ್ತೇನೆ, ಎದೆ ಹೆಮ್ಮೆಯಿಂದ ಉಬ್ಬಿತ್ತು.

ಗುಡಿಸಲೊಳಗೆ ಬಗ್ಗಿ ನೋಡಿದರೆ ಮಗುವಿನ ತುಟಿ, ಬಾಯಿಯ ಸುತ್ತ ಎಲ್ಲ ಕಪ್ಪುನೀಲಿ. ಮಗು ನೀಲಿಗಟ್ಟಿದರೆ ಉಸಿರು ನಿಂತಿದೆ ಎಂದರ್ಥ, ಅದು ನನಗೆ ಕಲಿಸಿದ ಪಾಠ. ಎರಡೂ ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ಎರಡು ಬಿಟ್ಟೆ. ಮಗು ಹಟ್ಟಿಯ ದೇವರಿಗೂ ಕೇಳಿಸುವಂತೆ ಚೀರಿತು.

"ಅಯ್ಯೋ, ಅದ್ಯಾಕ್ ಹೊಡಿತೀರವ್ವ? ಅದೇನ್ ಮಾಡೈತೆ?" ಎಂದು ಈರಕ್ಕ ಮಗುವನ್ನು ಕಿತ್ತುಕೊಂಡಳು. ಅವಳ ಹತ್ತೂ ಬೆರಳು ಕಪ್ಪು. ಎದೆಯ ಮೇಲೂ ಕಪ್ಪು ಗುರುತು.

ಶಾಯಿ. ಇಡೀ ದಿನ ಯಂತ್ರದ ಹಿಡಿ ತಿರುಗಿಸಿ, ಅದೇ ಕೈಯಲ್ಲಿ ಹಾಲು ಕುಡಿಸಿದ್ದಳು. ನಾನು ಚೀಲದಿಂದ ಕೊಬ್ಬರಿ ಎಣ್ಣೆ ತೆಗೆದು, ಬಟ್ಟೆಯ ತುದಿ ಅದ್ದಿ ಒರೆಸಿದೆ. ಒಳಗಿನಿಂದ ಕೆಂಪು ತುಟಿ ಹೊರಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ಹೆದ್ರಬ್ಯಾಡ. ನೀಲಿ ಕಂಡ್ರೆ ಶಾಯಿ. ಎಣ್ಣೆ ಹಚ್ಚಿ ಒರ್ಸು, ಹೋಗ್ತದೆ," ಎಂದು ನಾನೇ ಹೇಳಿದೆ. ನನ್ನ ಚೀಲದ ಪುಟ್ಟ ಭರಣಿಯಲ್ಲಿ ಎಣ್ಣೆ ಇಟ್ಟು ಬಂದವಳೂ ನಾನೇ.

ಈರಕ್ಕನಿಗೆ ಯಂತ್ರದ ಮೇಲೆ ಮೋಹ ಬಂದಿತ್ತು. "ನಂಗೆ ಅಕ್ಷರ ಬರಲ್ಲ ನರ್ಸಮ್ಮ. ಆದ್ರೆ ಯಾವ್ದು ಮಂಕು, ಯಾವ್ದು ಚೊಕ್ಕ ಅಂತ ತಿಳಿತೈತೆ. ಮಂಕಾದ್ದನ್ನ ಒಲೆಗೆ ಹಾಕ್ತೀನಿ," ಎಂದಳು. ಒತ್ತಿದ ಹಾಳೆಗಳನ್ನು ಕುರಿಯ ಕಂಬಳಿ ಮಡಿಸಿದಷ್ಟು ಒಪ್ಪವಾಗಿ ಜೋಡಿಸಿಟ್ಟಿದ್ದಳು. ಆ ಕರಪತ್ರಗಳ ಅಚ್ಚುಕಟ್ಟನ್ನು ಆಮೇಲೆ ಬಹಳ ಜನ ಹೊಗಳಿದರು. ಒತ್ತಿದವರು ಯಾರೆಂದು ಯಾರೂ ಕೇಳಲಿಲ್ಲ.

ಮೊದಲ ಕಟ್ಟನ್ನು ನಾನು ಅಂಗಡಿಗೆ ತಂದುಕೊಟ್ಟಾಗ ಚನ್ನಬಸಪ್ಪನವರು ಮುಟ್ಟಲಿಲ್ಲ. ದೇಶ ದೊಡ್ಡದು ನಿಜ, ಆದರೆ ಬಾಣಂತಿ ಗುಡಿಸಲಿನ ಮೈಲಿಗೆ ಅದಕ್ಕಿಂತ ಸ್ವಲ್ಪ ದೊಡ್ಡದು. ಒಂದು ತಂಬಿಗೆ ಗೋಮೂತ್ರ ಬೆರೆಸಿದ ನೀರನ್ನು ಕಟ್ಟಿನ ಮೇಲೆ ಚಿಮುಕಿಸಿದರು. ಚಿಮುಕಿಸುವ ಭಕ್ತಿ ಹೆಚ್ಚಾಗಿ ಹಾಳೆಗಳೆಲ್ಲ ಮೆತ್ತಗಾಗಿ ಒಂದಕ್ಕೊಂದು ಅಂಟಿ ರೊಟ್ಟಿಯಾಯಿತು. ಎರಡನೆಯ ಕಟ್ಟಿನ ಹೊತ್ತಿಗೆ ಶಾಸ್ತ್ರ ತಿದ್ದಿದರು, ಬಿಸಿಲಿಗೆ ಹಿಡಿದರೆ ಸಾಕು ಎಂದಾಯಿತು. ಆಮೇಲೆ ಅವು ಹಾಲುರಾಮೇಶ್ವರಕ್ಕೆ ಹೋಗುವ ಯಾತ್ರಿಕರ ಹಣ್ಣುಕಾಯಿ ಬುಟ್ಟಿಗಳಲ್ಲಿ ಅಡಗಿ ನಾಲ್ಕೂ ದಿಕ್ಕಿಗೆ ಹೋದವು.

ಒಂದು ಬೆಳಿಗ್ಗೆ ಜಮಾದಾರ ಆಸ್ಪತ್ರೆಗೆ ಬಂದು ಡಾಕ್ಟರಿಗೆ ಸಲಾಮು ಹೊಡೆದು, "ಸೂಲಗಿತ್ತೀನ ಸ್ವಲ್ಪ ಕಳಿಸ್ಕೊಡಿ ಸಾರ್, ಒಂದ್ ಗುಡ್ಲು ನೋಡ್ಬೇಕು," ಎಂದ. ನನ್ನ ಡಾಕ್ಟರು ರಿಜಿಸ್ಟರಿನಿಂದ ತಲೆ ಎತ್ತದೆ ಕಳಿಸಿಕೊಟ್ಟರು.

ಗುಡಿಸಲಿಗೆ ಹತ್ತು ಮಾರು ದೂರದಲ್ಲೇ ಜಮಾದಾರನ ಕಾಲು ನಿಂತವು. ಈರಕ್ಕ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು.

"ಬರ್ರಿ ಒಳಕ್ಕೆ," ಎಂದಳು. "ಆದ್ರೆ ಹೊಕ್ಕ ಮ್ಯಾಲೆ ನೀವೂ ನಂಜೊತೆ ತಿಂಗ್ಳುಗಟ್ಲೆ ಇಲ್ಲೇ ಇರ್ಬೇಕಾಗ್ತೈತೆ. ಗಂಜಿ ಕರಿಯಜ್ಜಿ ತರ್ತಾಳೆ. ಕೂಸಿನ ಬಟ್ಟೆ ಒಗ್ಯಾಕೆ ಬರ್ತೈತಾ?"

"ನರ್ಸಮ್ಮ, ನೀವೇ ಹೋಗಿ ನೋಡ್ರಿ. ಏನೇನೈತೆ ಹೇಳ್ರಿ," ಎಂದ ಜಮಾದಾರ.

ಒಳಗೆ ಹೋದೆ. ಯಂತ್ರದ ಮೇಲೆ ಮಗುವಿನ ಕೌದಿ ಹಾಸಿತ್ತು. ಹೊರಗೆ ಬಂದು, "ಕಂಬಳಿ, ಗಡಿಗೆ, ಕೆಂಡದ ಕುಂಡ," ಎಂದೆ. ಕೆಲಸ ಹೋದರೆ ನನಗೆ ಹೋಗಲು ಮನೆಯಿರಲಿಲ್ಲ. ಜಮಾದಾರ ಅದನ್ನೇ ಬರೆದುಕೊಂಡು ಹೊರಟ.

ಆಮೇಲೆ ನಮಗೆಲ್ಲ ಧೈರ್ಯ ಹೆಚ್ಚಿತು. ಧೈರ್ಯ ಹೆಚ್ಚಿದಷ್ಟೂ ಈರಕ್ಕನ ಸೂತಕ ಉದ್ದವಾಯಿತು. ಮೂರು ತಿಂಗಳು ತುಂಬಿದ ದಿನ ಪೂಜಾರಿ ಹೂವು ಕೇಳಿದ. ಹೂವು ಎಡಕ್ಕೆ ಬಿತ್ತು. ಎಂಟು ದಿನ ಬಿಟ್ಟು ಕೇಳಿದ, ಎಡಕ್ಕೆ. ಮತ್ತೆ ಎಂಟು ದಿನಕ್ಕೆ, ಎಡಕ್ಕೆ. ಪ್ರತಿ ಸಲವೂ ಹಿಂದಿನ ದಿನ ಚನ್ನಬಸಪ್ಪನವರು ಪೂಜಾರಿಯ ಜೊತೆ ಎಲೆಯಡಿಕೆ ಹಾಕಿಕೊಂಡಿರುತ್ತಿದ್ದರು. ದೇವರೂ ಚಳವಳಿ ಸೇರಿದ್ದ ಎಂದು ಕಾಣುತ್ತದೆ, ಜೈಲಿಗೆ ಮಾತ್ರ ಹೋಗಲಿಲ್ಲ.

ಮಾಗಿಯ ಚಳಿ ಶುರುವಾಗಿತ್ತು. ಬಯಲಿನ ಗಾಳಿ ಸೋಗೆಯ ಸಂದಿಯಿಂದ ನೇರ ಒಳಗೆ ಬರುತ್ತಿತ್ತು. ಮಗುವಿಗೆ ಮೂಗು ಕಟ್ಟಿ ಗೊರಗೊರ ಎನ್ನತೊಡಗಿತು. ನಾನು ಚನ್ನಬಸಪ್ಪನವರ ಅಂಗಡಿಗೆ ಹೋಗಿ ಹೇಳಿದೆ.

"ಮಗು ಆ ಚಳೀಲಿ ಇರಬಾರದು. ಯಂತ್ರ ಬೇರೆ ಕಡೆ ಸಾಗಿಸಿ, ಅವಳನ್ನ ಒಳಗೆ ಕರೆಸಿ."

"ಇನ್ನೊಂದ್ ಎಂಟ್ ದಿನ ಕಣ್ರಿ," ಎಂದರು ಅವರು ಕೊಬ್ಬರಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತ. "ದೇಶವೇ ಉರೀತಾ ಐತೆ, ನೀವು ಚಳಿ ಅಂತೀರಲ್ಲ."

ಇಲ್ಲಿ ನಾನು ಮಾಡಬೇಕಾದ್ದು ಒಂದೇ ಇತ್ತು. ಡಾಕ್ಟರಿಗೆ ಹೇಳಿ ಗಾಡಿ ಕಟ್ಟಿಸಿ ತಾಯಿ ಮಗುವನ್ನು ಆಸ್ಪತ್ರೆಗೆ ತರುವುದು. ತಂದರೆ ಖಾಲಿ ಗುಡಿಸಲನ್ನು ಜಮಾದಾರ ನೋಡುತ್ತಾನೆ, ಕಂಬಳಿ ಗಡಿಗೆ ಎಂದ ಸೂಲಗಿತ್ತಿ ಸಿಕ್ಕಿಬೀಳುತ್ತಾಳೆ. ಎಂಟು ದಿನ ತಾನೆ ಎಂದುಕೊಂಡೆ. ಎದೆಗೆ ಹಚ್ಚಲು ಕರ್ಪೂರದ ಎಣ್ಣೆ ಕೊಟ್ಟು ಬಂದೆ. ಹುಡುಗಿಯರೇ, ನನ್ನ ತಪ್ಪು ಇದೇ. ಉಳಿದದ್ದೆಲ್ಲ ಇದರ ಹಿಂದೆ ಬಂದದ್ದು.

ಆ ವಾರ ಅಕಾಲದಲ್ಲಿ ಮಳೆ ಹಿಡಿಯಿತು. ಹಳ್ಳ ತುಂಬಿ ಆರು ದಿನ ಆ ದಡಕ್ಕೆ ಹೋಗಲಾಗಲಿಲ್ಲ. ಏಳನೆಯ ದಿನ ಸೊಂಟದ ನೀರಿನಲ್ಲಿ ದಾಟಿ ಹೋದೆ. ಈರಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬಟ್ಟೆಯ ತುದಿಯಿಂದ ತುಟಿ ಒರೆಸುತ್ತಿದ್ದಳು. ಪಕ್ಕದಲ್ಲಿ ಎಣ್ಣೆಯ ಭರಣಿ.

"ಈ ಸಲ ಶಾಯಿ ಗಟ್ಟಿ ಐತೆ ನರ್ಸಮ್ಮ," ಎಂದಳು. "ಬೆಳಿಗ್ಗೆಯಿಂದ ಒರೆಸ್ತಾ ಇದೀನಿ. ಹೋಗ್ವಲ್ದು."

ನಾನೂ ಬಟ್ಟೆ ತೆಗೆದುಕೊಂಡು ಒಂದು ಸಲ ಒರೆಸಿದೆ. ಎರಡು ಸಲ ಒರೆಸಿದೆ. ಬಟ್ಟೆ ಬಿಳಿಯಾಗಿಯೇ ಉಳಿಯಿತು. ಆಗ ಪಕ್ಕೆಯ ಕಡೆ ನೋಡಿದೆ. ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು.

ಮಗುವನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಓಡಿದೆ. ಈರಕ್ಕ ಹಿಂದೆಯೇ ಓಡಿ ಬಂದಳು. ಹಟ್ಟಿಯ ಬೇಲಿಯಿಂದ ಪೂಜಾರಿ, "ಲೇ, ಎಲ್ಲಿಗ್ ಹೋಗ್ತೀಯ, ಹೂವಾಗಿಲ್ಲ," ಎಂದು ಕೂಗುತ್ತಿದ್ದ. ಹಳ್ಳ ದಾಟುವಾಗ ಮಗು ಎರಡು ಸಲ ಬಿಕ್ಕಿತು. ಈ ದಡ ಹತ್ತಿದಾಗ ಬಿಕ್ಕಲಿಲ್ಲ. ನಾನು ಊದಿದೆ, ತಟ್ಟಿದೆ, ತಲೆಕೆಳಗೆ ಹಿಡಿದೆ. ಮೊದಲ ಸಲ ಸುಮ್ಮಸುಮ್ಮನೆ ಬಿಟ್ಟ ಆ ಎರಡು ಏಟಿಗೆ ಎಷ್ಟು ಜೋರಾಗಿ ಅತ್ತಿತ್ತು. ಈಗ ಏನು ಮಾಡಿದರೂ ಅಳಲಿಲ್ಲ.

ಮಗುವನ್ನು ಅಲ್ಲೇ ಹಳ್ಳದ ದಡದ ಮೇಲೆ ಮಣ್ಣು ಮಾಡಿದೆವು. ಈರಕ್ಕ ವಾಪಸು ಗುಡಿಸಲಿಗೆ ಹೋದಳು. ಮಗು ಹೋದರೂ ಸೂತಕ ಹೋಗಿರಲಿಲ್ಲ, ಹೂವು ಇನ್ನೂ ಬಲಕ್ಕೆ ಬಿದ್ದಿರಲಿಲ್ಲ.

ನಾಲ್ಕನೆಯ ದಿನ ಚನ್ನಬಸಪ್ಪನವರು ಕಣ್ಣೊರೆಸಿಕೊಂಡು ಒಂದು ಮೇಣದ ಹಾಳೆ ಕೊಟ್ಟರು. ಇದು ತುರ್ತು ಎಂದರು. ನಾನು ಒಯ್ದೆ. ಯಾಕೆ ಒಯ್ದೆ ಎಂದು ಕೇಳಬೇಡಿ. ಇಷ್ಟು ದಿನ ಒಯ್ದಿದ್ದೆ, ಆ ದಿನವೂ ಒಯ್ದೆ. ಮೇಣದ ಹಾಳೆಯ ಬರಹ ಓದಲು ಕಷ್ಟ, ನಾನು ಓದಿರಲಿಲ್ಲ. ಈರಕ್ಕ ಯಂತ್ರಕ್ಕೆ ಹಾಳೆ ಹಾಕಿ ಹಿಡಿ ತಿರುಗಿಸಿದಳು. ಮಂಕಾದದ್ದನ್ನು ಒಲೆಗೆ ಹಾಕಿದಳು, ಚೊಕ್ಕವಾದದ್ದನ್ನು ಜೋಡಿಸಿದಳು. ಕಟ್ಟು ಕಟ್ಟುವಾಗ ಮೇಲಿನ ಹಾಳೆಯ ಮೇಲೆ ನನ್ನ ಕಣ್ಣು ಬಿತ್ತು.

ನಮ್ಮ ತಾಲ್ಲೂಕಿನ ಹಟ್ಟಿಯ ಒಬ್ಬ ವೀರಮಾತೆ ತನ್ನ ಚೊಚ್ಚಲ ಕಂದನನ್ನು ತಾಯ್ನಾಡಿನ ಪಾದಕ್ಕೆ ನಗುನಗುತ್ತ ಅರ್ಪಿಸಿದಳು ಎಂದಿತ್ತು. ಉಳಿದ ತಾಯಂದಿರೂ ಅವಳನ್ನು ಅನುಸರಿಸಬೇಕು ಎಂದಿತ್ತು. ಹೆಸರು ಇರಲಿಲ್ಲ. ಗುಟ್ಟು ಕಾಪಾಡಬೇಕಲ್ಲ. ಅವಳ ಹೆಸರು ಅವರಿಗೆ ಗೊತ್ತೂ ಇರಲಿಲ್ಲ, ಅದು ಬೇರೆ ಮಾತು.

"ಏನೈತೆ ಅದ್ರಾಗೆ?" ಎಂದಳು ಈರಕ್ಕ. ನನ್ನ ಮುಖ ನೋಡಿಯೇ ಕೇಳಿದ್ದಳು.

ಓದಿ ಹೇಳಿದೆ. ಸುಳ್ಳು ಹೇಳಬಹುದಿತ್ತು, ಜಮಾದಾರನಿಗೆ ಹೇಳಿದ್ದೆನಲ್ಲ. ಆದರೆ ಇವಳ ಮುಂದೆ ಬಾಯಿ ಬರಲಿಲ್ಲ.

ಅವಳು ತನ್ನ ಕಪ್ಪು ಕೈ ನೋಡಿಕೊಂಡಳು. "ಇದನ್ನ ನಾನೇ ಒತ್ತಿದ್ನಾ?" ಎಂದಳು.

ಮರುದಿನ ಹೊಸದುರ್ಗದ ಸಂತೆ. ನಡುಮಧ್ಯಾಹ್ನ, ಕಾಲಿಡಲು ಜಾಗವಿಲ್ಲದಷ್ಟು ಜನ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲಿದ್ದೆ. ಇದ್ದಕ್ಕಿದ್ದಂತೆ ಜನ ಎರಡು ಪಾಲಾಗಿ ಸರಿಯತೊಡಗಿದರು. ನಡುವೆ ಈರಕ್ಕ ಬರುತ್ತಿದ್ದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಆ ಯಂತ್ರ. ಹತ್ತು ಹೆಜ್ಜೆ ಹಿಂದೆ ಕೋಲು ಊರಿಕೊಂಡು ಕರಿಯಜ್ಜಿ, "ಸರೀರಿ, ಬಾಣಂತಿ, ಮುಟ್ಟೀರಿ, ಸರೀರಿ" ಎಂದು ದಾರಿ ಬಿಡಿಸುತ್ತಿದ್ದಳು. ಅಮಲ್ದಾರರ ಸವಾರಿಗೂ ಜನ ಅಷ್ಟು ಬೇಗ ದಾರಿ ಬಿಟ್ಟದ್ದನ್ನು ನಾನು ನೋಡಿಲ್ಲ.

ಚನ್ನಬಸಪ್ಪನವರ ಅಂಗಡಿಯ ಎದುರಿಗೇ ಪೊಲೀಸ್ ಚೌಕಿ. ಈರಕ್ಕ ನೇರ ಅಂಗಡಿಯ ಜಗಲಿ ಹತ್ತಿ, ಬಿಳಿ ಗಾದಿಯ ಮೇಲೆ ಯಂತ್ರವನ್ನು ಇಳಿಸಿದಳು. ಯಜಮಾನರು ಗೋಡೆಗೆ ಅಂಟಿಕೊಂಡರು.

"ಯಾರಮ್ಮ ನೀನು?" ಎಂದರು. ಆ ಒಂದು ಮಾತು ಮಾತ್ರ ಅವರು ನಟಿಸಲಿಲ್ಲ. ಅವಳನ್ನು ಅವರು ಅದುವರೆಗೆ ನೋಡಿಯೇ ಇರಲಿಲ್ಲ.

"ಪತ್ರದಾಗೆ ಬರ್ದೀರಲ್ರಿ, ಆ ತಾಯಿ," ಎಂದಳು ಈರಕ್ಕ. ದನಿ ಏರಿಸಲಿಲ್ಲ, ಆದರೂ ಆಸ್ಪತ್ರೆಯ ಮೆಟ್ಟಿಲ ತನಕ ಕೇಳಿಸಿತು. "ಕೂಸು ಕೊಟ್ಟೆ ಅಂತ ಬರ್ದೀರಿ. ನಾನ್ ಕೊಡ್ಲಿಲ್ರಿ. ನಾನ್ ಕೊಟ್ಟಿದ್ದು ಈ ಯಂತ್ರ ಇಟ್ಕಳಾಕೆ ಜಾಗ. ಕೂಸನ್ನ ನನ್ ಕೇಳ್ದಂಗೆ ತಗಂಡ್ರಿ."

ಅಷ್ಟು ಹೇಳಿ ಇಳಿದು ಬಂದ ದಾರಿಯಲ್ಲೇ ಹೋದಳು. ಅವಳನ್ನು ಹಿಡಿಯಬೇಕೆಂದು ಜಮಾದಾರನಿಗೆ ಹೊಳೆಯಲೇ ಇಲ್ಲ. ಯಂತ್ರ ಕಣ್ಣೆದುರಿಗೆ ಸಿಕ್ಕಿದೆ, ಆದರೆ ಮುಟ್ಟುವವರು ಯಾರು? ಸಂಜೆಯ ತನಕ ಅದು ಗಾದಿಯ ಮೇಲೆ ಕೂತಿತ್ತು, ಮಹಾರಾಜರ ಪೊಲೀಸರು ಸುತ್ತ ನಿಂತು ಕಾದರು. ಕೊನೆಗೆ ಎರಡು ಬಿದಿರುಗಳನ್ನು ತಂದು ಎತ್ತಿದರು. ಚನ್ನಬಸಪ್ಪನವರನ್ನು ಮಾತ್ರ ಕೈಯಲ್ಲೇ ಹಿಡಿದರು. ಊರಿಗೆ ಊರೇ ಹಾರ ಹಾಕಿ ಕಳಿಸಿತು. ಕೆಲವು ತಿಂಗಳಲ್ಲಿ ಅವರು ಮೊದಲಿಗಿಂತ ಸ್ವಲ್ಪ ಮೈ ತುಂಬಿಕೊಂಡು ಹಿಂದಿರುಗಿದರು. ಆ ಸೆರೆವಾಸ ಆಮೇಲೆ ಅವರಿಗೆ ಬಹಳ ಕಾಲ ಅನ್ನ ಹಾಕಿತು, ಕುರ್ಚಿಯನ್ನೂ ಹಾಕಿತು. ಅದು ಯಾರ ತಲೆಯ ಮೇಲಿಂದ ಇಳಿದ ಭಾಗ್ಯ ಎಂದು ಯಾವ ಸಭೆಯಲ್ಲೂ ಅವರು ಹೇಳಿದ್ದು ನಾನು ಕೇಳಿಲ್ಲ.

ಈರಕ್ಕ ನನ್ನ ಹೆಸರು ಎತ್ತಲಿಲ್ಲ. ಆದರೂ ಡಾಕ್ಟರು ಒಂದು ದಿನ ನನ್ನನ್ನು ಕರೆದು ಜನನ ಮರಣದ ರಿಜಿಸ್ಟರನ್ನು ತೆರೆದು ತೋರಿಸಿದರು. ಪುಟದ ಅಂಚಿನಲ್ಲಿ ನನ್ನ ಬೆರಳಿನ ಕಪ್ಪು ಗುರುತುಗಳು ಸಾಲಾಗಿ ಇದ್ದವು. ಹನ್ನೊಂದು ವರ್ಷದಲ್ಲಿ ಒಂದು ಹೆರಿಗೆಯನ್ನೂ ಕಣ್ಣಾರೆ ನೋಡದ, ರಿಜಿಸ್ಟರು ಬಿಟ್ಟು ಬೇರೆ ಏನನ್ನೂ ಪ್ರೀತಿಸದ ಮನುಷ್ಯ ಎಂದು ನಾನು ಅವರನ್ನು ಆಡಿಕೊಳ್ಳುತ್ತಿದ್ದೆ. ಅವರು ಲೇಖನಿ ಎತ್ತಿ ಆ ಗುರುತುಗಳ ಪಕ್ಕದಲ್ಲಿ 'ದೀಪದ ಮಸಿ' ಎಂದು ದುಂಡಗೆ ಬರೆದು ಸಹಿ ಹಾಕಿದರು.

"ಹಿರಿಯೂರಿಗೆ ವರ್ಗ ಬರೆದಿದ್ದೇನೆ. ಬೇಗ ಹೊರಡಿ," ಎಂದರು. ಮಗುವಿನ ಸಾವಿನ ಕಾರಣದ ಅಂಕಣದಲ್ಲಿ ಏನು ಬರೆಯಲಿ ಎಂದು ಕೇಳಿದರು. ಚಳಿ ಎಂದೆ. ಅವರು ನನ್ನನ್ನೇ ಒಂದು ಕ್ಷಣ ನೋಡಿ ಹಾಗೆಯೇ ಬರೆದರು.

ಹಿರಿಯೂರಿನಲ್ಲಿ ಎರಡು ವರ್ಷ ಕಳೆದವು. ಅಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆಗೆಂದು ಎರಡು ಕಬ್ಬಿಣದ ಮಂಚ ಬಂದಿದ್ದವು. ಹೆರುವವರು ಯಾರೂ ಬರುತ್ತಿರಲಿಲ್ಲ, ಒಂದರ ಮೇಲೆ ಕಾಂಪೌಂಡರು ಮಲಗುತ್ತಿದ್ದರು. ಒಂದು ಮುಂಜಾನೆ ಬಾಗಿಲ ಮುಂದೆ ಗಾಡಿ ನಿಂತಿತು. ಮೊದಲು ಇಳಿದದ್ದು ಒಂದು ಕೋಲು, ಅದರ ಹಿಂದೆ ಕರಿಯಜ್ಜಿ. ಒಳಗೆ ನೋವು ತಿನ್ನುತ್ತ ಮಲಗಿದ್ದವಳು ಈರಕ್ಕ. ಮಗ ಹರಿಯಬ್ಬೆಯ ಹತ್ತಿರ ಕುರಿ ಮೇಯಿಸುತ್ತಿದ್ದಾನೆಂದೂ, ಸೊಸೆಯನ್ನು ಹೊಸದುರ್ಗದ ಹಟ್ಟಿಯಿಂದ ತಾನೇ ಹೊರಡಿಸಿಕೊಂಡು ಬಂದೆನೆಂದೂ ಅಜ್ಜಿ ಹೇಳಿದಳು.

"ಪೂಜಾರಿ ಒಪ್ಪಿದನಾ ಅಜ್ಜಿ? ದೇವರು ಹೂವು ಕೊಟ್ಟನಾ?" ಎಂದೆ.

"ಕೇಳ್ಳೇ ಇಲ್ಲ," ಎಂದಳು ಕರಿಯಜ್ಜಿ. "ಕೇಳಿದ್ರೆ ತಾನೇ ಅದು ಇಲ್ಲ ಅನ್ನಾದು?"

ಕಾಂಪೌಂಡರನ್ನು ಮಂಚದಿಂದ ಎಬ್ಬಿಸಿದೆ. ಹೊತ್ತು ಏರುವಷ್ಟರಲ್ಲಿ ಹೆಣ್ಣು ಮಗುವಾಯಿತು, ಕೂಗಿ ಇಡೀ ಆಸ್ಪತ್ರೆಯನ್ನು ಎಬ್ಬಿಸಿತು. ಬಿಸಿನೀರಿನಲ್ಲಿ ಮೀಯಿಸಿ, ಕಿಟಕಿ ಮುಚ್ಚಿ, ಮಗುವನ್ನು ಈರಕ್ಕನ ಮಡಿಲಲ್ಲಿಟ್ಟೆ. ಅವಳು ಹಾಲು ಕುಡಿಸಲಿಲ್ಲ. ಸೊಂಟದ ಚೀಲದಿಂದ ಒಂದು ಪುಟ್ಟ ಭರಣಿ ತೆಗೆದಳು. ಅದನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಸೆರಗಿನ ತುದಿಯನ್ನು ಎಣ್ಣೆಯಲ್ಲಿ ಅದ್ದಿ ಮಗುವಿನ ತುಟಿಯನ್ನು ಮೆಲ್ಲಗೆ ಒರೆಸಿ, ಸೆರಗನ್ನು ಬೆಳಕಿಗೆ ಹಿಡಿದು ನೋಡಿದಳು.

"ನೋಡ್ರಿ ನರ್ಸಮ್ಮ. ಕೆಂಪಗೈತಾ?"

ಬಗ್ಗಿ ನೋಡಿದೆ. "ಐತೆ ಕಣವ್ವ, ಕೆಂಪಗೈತೆ," ಎಂದೆ.

ಆಸ್ಪತ್ರೆಯಲ್ಲಿ ಅವಳು ಹತ್ತು ದಿನ ಇದ್ದಳು. ಪ್ರತಿ ಸಲ ಹಾಲು ಕುಡಿಸುವ ಮೊದಲು ಒರೆಸಿದಳು, ಪ್ರತಿ ಸಲ ನನ್ನನ್ನು ಕರೆದು ಕೇಳಿದಳು. ಮಾಡುತ್ತಿದ್ದ ಕೆಲಸ ಬಿಟ್ಟು ಪ್ರತಿ ಸಲವೂ ನಾನು ಹೋಗಿ, ಬಗ್ಗಿ, ನೋಡಿಯೇ ಹೇಳಿದೆ.